ಶಿಕಾಗೋದಲ್ಲಿ ಓವೆನ್ ಹಾಡಿದ ಸಂಜೆ

ಎಮೋ (ಮನಸ್ಸಿನ ಭಾವನೆಗಳನ್ನು ತೋಡಿಕೊಳ್ಳುವ ಒಂದು ಬಗೆಯ ರಾಕ್) ಹದಿಹರೆಯದವರ ಸಂಗೀತ, ವಯಸ್ಸಾದಂತೆ ಅದನ್ನು ಬಿಟ್ಟುಬಿಡುತ್ತಾರೆ ಎಂಬ ಮಾತನ್ನು ಬಹಳ ಜನ ಹೇಳಿ ಕೇಳಿದ್ದೇನೆ. ಕೆಲಸದ ಮೇಲೆ ಶಿಕಾಗೋಗೆ ಹೋಗಿದ್ದಾಗ ಅಮೆರಿಕದ ಗಾಯಕ, ಗಿಟಾರ್ ವಾದಕ ಮೈಕ್ ಕಿನ್ಸೆಲ್ಲಾ ಅವರು ಓವೆನ್ ಎಂಬ ಹೆಸರಿನಲ್ಲಿ ಒಬ್ಬರೇ ಕುಳಿತು ಹಾಡಿದ್ದನ್ನು ಕೇಳಿದ ಮೇಲೆ, ಆ ಮಾತನ್ನು ಒಪ್ಪಲು ನನ್ನಿಂದ ಸಾಧ್ಯವೇ ಇಲ್ಲ.

ಎಮೋ 1980ರ ದಶಕದ ನಡುವಿನಲ್ಲಿ ವಾಷಿಂಗ್ಟನ್ ಡಿ.ಸಿ.ಯ ಹಾರ್ಡ್‌ಕೋರ್ ಪಂಕ್ ಎಂಬ ವೇಗದ, ಅಬ್ಬರದ ರಾಕ್ ನುಡಿಸುವ ತಂಡಗಳ ನಡುವೆ ಹುಟ್ಟಿ, ಮುಂದಿನ ದಶಕದಲ್ಲಿ ಅಮೆರಿಕದ ಮಧ್ಯಪಶ್ಚಿಮದ ಊರುಗಳಲ್ಲಿ ಬೇರೆಯದೇ ರೂಪ ಪಡೆಯಿತು. ಆ ರೂಪವನ್ನು ಕಟ್ಟಿದವರಲ್ಲಿ ಕಿನ್ಸೆಲ್ಲಾ ಒಬ್ಬರು. ಅಣ್ಣ ಟಿಮ್ ಹಾಡುತ್ತಿದ್ದ ಕ್ಯಾಪ್ನ್ ಜಾಝ್ ತಂಡದಲ್ಲಿ ಅವರು ಹುಡುಗನಾಗಿದ್ದಾಗಲೇ ಡ್ರಮ್ಸ್ ನುಡಿಸುತ್ತಿದ್ದರು. ಬಳಿಕ ಇಲಿನಾಯ್ ರಾಜ್ಯದ ಅರ್ಬಾನಾದಲ್ಲಿ ಕಾಲೇಜು ಓದುವಾಗ ಗೆಳೆಯರೊಡನೆ ಅಮೆರಿಕನ್ ಫುಟ್‌ಬಾಲ್ ಎಂಬ ಹೆಸರಿನ ಸಂಗೀತ ತಂಡವನ್ನು ಕಟ್ಟಿದರು. ಆ ತಂಡ 1999ರಲ್ಲಿ ಒಂದೇ ಒಂದು ಆಲ್ಬಮ್ ಹೊರತಂದು ಚದುರಿಹೋಯಿತು. ಆದರೆ ಕೇಳುಗರು ಅದನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಲೇ ಇದ್ದುದರಿಂದ, 2014ರಲ್ಲಿ ಗೆಳೆಯರು ಮತ್ತೆ ಒಂದಾದಾಗ ಹಿಂದೆಂದೂ ಇಲ್ಲದಷ್ಟು ಜನ ಅವರಿಗಾಗಿ ಕಾದಿದ್ದರು. ಆಲ್ಬಮ್‌ನ ಮುಖಪುಟದಲ್ಲಿರುವ ಅರ್ಬಾನಾದ ಬಿಳಿ ಮನೆಯನ್ನು ನೋಡಲು ಅಭಿಮಾನಿಗಳು ಇಂದಿಗೂ ಹೋಗುತ್ತಾರೆ.

ಕಾರ್ಯಕ್ರಮ ನಡೆದ ಶೂಬಾಸ್, 1903ರಲ್ಲಿ ಶ್ಲಿಟ್ಸ್ ಬಿಯರ್ ಕಂಪನಿ ಕಟ್ಟಿಸಿದ ಇಟ್ಟಿಗೆಯ ಕಟ್ಟಡ. ಆ ಕಂಪನಿಯ ಭೂಗೋಳದ ಲಾಂಛನ ಇವತ್ತಿಗೂ ಅದರ ಗೋಡೆಯ ಮೇಲಿದೆ. ಮುಂದೆ ಬಾರ್, ಹಿಂದೆ ಇನ್ನೂರು ಜನರೂ ಹಿಡಿಯದ ಪುಟ್ಟ ಸಭಾಂಗಣ. ಅಲ್ಲಿ ಎಲ್ಲಿ ನಿಂತರೂ ಗಾಯಕರ ಬೆರಳುಗಳು ಕಾಣುತ್ತವೆ, ನಾನು ನೋಡಬೇಕೆಂದಿದ್ದುದೂ ಅದನ್ನೇ.

ಕಿನ್ಸೆಲ್ಲಾ ಅವರ ಸಂಗೀತದ ಗುಟ್ಟು ಗಿಟಾರಿನ ಶ್ರುತಿಯಲ್ಲಿದೆ. ಸಾಮಾನ್ಯವಾಗಿ ಗಿಟಾರಿನ ತಂತಿಗಳನ್ನು, ದಪ್ಪ ತಂತಿಯಿಂದ ತೆಳು ತಂತಿಯವರೆಗೆ, ಇ, ಎ, ಡಿ, ಜಿ, ಬಿ, ಇ ಎಂಬ ಸ್ವರಗಳಿಗೆ ಕೂಡಿಸುತ್ತಾರೆ. ಅಮೆರಿಕನ್ ಫುಟ್‌ಬಾಲ್‌ನ ಅತ್ಯಂತ ಹೆಸರಾದ ಹಾಡಿನಲ್ಲಾದರೋ ಅವು ಎಫ್, ಎ, ಸಿ, ಜಿ, ಸಿ, ಇ ಆಗುತ್ತವೆ. ತೆಳು ತಂತಿಯಿಂದ ಎಣಿಸಿದರೆ, ಕೊನೆಯ ದಪ್ಪ ತಂತಿ ಮತ್ತು ಎರಡನೆಯ ತಂತಿ ಒಂದೊಂದು ಸ್ವರಸ್ಥಾನ ಮೇಲೇರುತ್ತವೆ, ನಾಲ್ಕನೆಯದು ಎರಡು ಸ್ವರಸ್ಥಾನ ಕೆಳಗಿಳಿಯುತ್ತದೆ. ಹೀಗೆ ಕೂಡಿಸಿದ ಗಿಟಾರನ್ನು ಎಡಗೈ ಬೆರಳಿಡದೆ ಸುಮ್ಮನೆ ಮೀಟಿದರೂ ಅದರಿಂದ ಹೊಮ್ಮುವ ನಾದದಲ್ಲಿ ಸಂತೋಷವೂ ಕೊರಗೂ ಒಟ್ಟಿಗೇ ಇರುತ್ತವೆ. ಓವೆನ್ ಹಾಡುಗಳಿಗೂ ಇಂಥ ಬೇರೆ ಬೇರೆ ಶ್ರುತಿಗಳುಂಟು. ಆದ್ದರಿಂದ ಹಾಡು ಮತ್ತು ಹಾಡಿನ ನಡುವೆ ಅವರು ತಲೆತಗ್ಗಿಸಿ, ಒಂದೊಂದೇ ಬಿರಡೆ ತಿರುಗಿಸುತ್ತ ಹೊಸ ಶ್ರುತಿಗೆ ಬರುತ್ತಿದ್ದರು. ವೀಣೆ ಕಛೇರಿಯಲ್ಲಿ ವಿದ್ವಾಂಸರು ಶ್ರುತಿ ಸರಿಪಡಿಸಿಕೊಳ್ಳುವಾಗ ಸಭೆ ಕಾಯುವಂತೆಯೇ ಇಲ್ಲಿಯೂ ಜನ ಕಾಯುತ್ತಿದ್ದರು. ರಾಕ್ ಕಾರ್ಯಕ್ರಮಗಳಲ್ಲಿ ಇಂಥ ತಾಳ್ಮೆಯನ್ನು ನಾನು ಕಂಡಿರಲಿಲ್ಲ. (ಕೆಲವರು ಈ ಬಿಡುವುಗಳಿಂದ ಓಟ ಕೆಡುತ್ತದೆ ಎನ್ನಬಹುದು, ನನಗೆ ಮಾತ್ರ ಮುಂದಿನ ಹಾಡು ಯಾವುದೆಂದು ತಂತಿಯ ಏರಿಳಿತದಲ್ಲೇ ಊಹಿಸುವುದು ದೊಡ್ಡ ಸುಖವಾಗಿತ್ತು.)

ಧ್ವನಿಮುದ್ರಣದಲ್ಲಿ ಓವೆನ್ ಹಾಡುಗಳ ಮೇಲೆ ಹಲವು ಗಿಟಾರುಗಳು ಪದರ ಪದರವಾಗಿ ಬಂದು ಕೂರುತ್ತವೆ. ವೇದಿಕೆಯ ಮೇಲೆ ಒಂದೇ ಗಿಟಾರು: ಹೆಬ್ಬೆರಳು ಮಂದ್ರವನ್ನು ಹಿಡಿದಿದ್ದರೆ ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ರಾಗವನ್ನು ಬಿಡಿಸುತ್ತಿದ್ದವು. ಹಾಡು ಹಾಗೆ ತೆಳ್ಳಗಾದದ್ದರಿಂದ, ಮನೆಯಲ್ಲಿ ಕೇಳುವಾಗ ನಾದದಲ್ಲಿ ಮುಳುಗಿಹೋಗುತ್ತಿದ್ದ ಮಾತುಗಳು ಒಂದೂ ತಪ್ಪದೆ ಕಿವಿಗೆ ಬಿದ್ದವು. ಮದುವೆ, ಮಕ್ಕಳು, ಕುಡಿತ, ಮುರಿದ ಸಂಬಂಧ ಇವೆಲ್ಲವನ್ನೂ ಅವರು ಎದುರಿಗೆ ಕುಳಿತವರಿಗೆ ಹೇಳುವಂತೆ, ದನಿ ಏರಿಸದೆ ಹಾಡುತ್ತಾರೆ. ಹುಡುಗರ ಎಮೋದಲ್ಲಿ ನೋವು ಬೇರೆಯವರು ಕೊಟ್ಟದ್ದಾಗಿರುತ್ತದೆ. ಇಲ್ಲಿ ಹಾಡುವವನು ತಾನು ಕೊಟ್ಟ ನೋವಿನ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ನನ್ನ ಪಕ್ಕದಲ್ಲಿದ್ದ, ಐವತ್ತರ ಸಮೀಪದ ದಂಪತಿಗಳೂ ಮುಂದಿನ ಸಾಲಿನ ಕಾಲೇಜು ಹುಡುಗಿಯರೂ ಒಂದೇ ಸಾಲನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು.

ಹೊಸದಾಗಿ ಕೇಳುವವರು 1999ರ ಆ ಆಲ್ಬಮ್ಮಿನಿಂದ ಆರಂಭಿಸಿ, ಬಳಿಕ ವಿಚ್ಛೇದನದ ನೆರಳಿನಲ್ಲಿ ಬಂದ ಓವೆನ್‌ನ 2020ರ ಆಲ್ಬಮ್ಮನ್ನು ಕೇಳಬೇಕೆಂದು ನನ್ನ ಕೋರಿಕೆ. ಶಿಕಾಗೋಗೆ ಹೋಗುವವರಿದ್ದರೆ ಹೊರಡುವ ಮೊದಲೇ ಅಲ್ಲಿನ ಸಣ್ಣ ಸಭಾಂಗಣಗಳ ಪಟ್ಟಿಯನ್ನು ಒಮ್ಮೆ ನೋಡಿರಿ. ಅದು ಕಿನ್ಸೆಲ್ಲಾ ಅವರದೇ ಊರಾದ್ದರಿಂದ ಅಲ್ಲಿ ಆಗಾಗ ಹಾಡುತ್ತಿರುತ್ತಾರೆ.