ಚೌಕಿಯೊಳಗೆ ಒಂದು ಅನಾಮಾರ್ಫಿಕ್ ಲೆನ್ಸು

ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಯಕ್ಷಗಾನ ಬಯಲಾಟಗಳ ಮೇಲೆ ಒಂದು ಸಣ್ಣ ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ಅದಕ್ಕೆ ಬಳಸುವುದು ಅನಾಮಾರ್ಫಿಕ್ ಲೆನ್ಸು. ಅದನ್ನು ನೋಡಿದ ಗೆಳೆಯರೆಲ್ಲ ಕೇಳುವುದು ಒಂದೇ ಪ್ರಶ್ನೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿದರೆ ಸಿನಿಮಾದ ಹಾಗೆ ಅಗಲವಾದ ಸ್ಕೋಪ್ ಚಿತ್ರ ಆಗುತ್ತದಲ್ವಾ, ಅದಕ್ಕೆ ಅನಾಮಾರ್ಫಿಕ್ ಯಾಕೆ?

ಪಟ್ಟಿ ಹಾಕಿದರೆ ಹಿಡಿದ ಚಿತ್ರದಲ್ಲಿ ಸುಮಾರು ಕಾಲು ಭಾಗ ಸುಮ್ನೆ ಹೋಗುತ್ತದೆ. ಅದು ಹೋಗಲಿ. ಅನಾಮಾರ್ಫಿಕ್ ಲೆನ್ಸು ಅಗಲವನ್ನು ಮಾತ್ರ ಒತ್ತಿ ಹಿಡಿಯುತ್ತದೆ, ಎತ್ತರವನ್ನು ಮುಟ್ಟುವುದಿಲ್ಲ. ಒತ್ತಿದ್ದನ್ನು ಆಮೇಲೆ ಎಡಿಟಿಂಗಿನಲ್ಲಿ ಬಿಡಿಸಿಕೊಳ್ಳಬೇಕು. 1.33 ಪಟ್ಟು ಒತ್ತುವ 50 ಎಂಎಂ ಲೆನ್ಸು ಎತ್ತರದಲ್ಲಿ 50ರ ಹಾಗೆಯೇ ಇರುತ್ತದೆ, ಅಗಲದಲ್ಲಿ ಸುಮಾರು 38 ಎಂಎಂ ಲೆನ್ಸಿನಷ್ಟು ಜಾಗ ನೋಡುತ್ತದೆ.

ಇದರ ಬೆಲೆ ಗೊತ್ತಾಗುವುದು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆಯಲ್ಲಿ. ಹಿಂದೆ ಸರಿಯಲು ಜಾಗವೇ ಇರುವುದಿಲ್ಲ. ವೇಷಧಾರಿಗಳು ಸಾಲಾಗಿ ನೆಲದ ಮೇಲೆ ಕೂತಿರುತ್ತಾರೆ, ಎದುರಿಗೆ ಕನ್ನಡಿ, ಬಣ್ಣದ ಗೆರಟೆ, ಹಿಂದೆ ಕಿರೀಟದ ಪೆಟ್ಟಿಗೆ. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಅಕ್ಕಿಹಿಟ್ಟು, ಸುಣ್ಣ ಕಲಸಿದ ಚುಟ್ಟಿಯನ್ನು ಒಂದೊಂದಾಗಿ ಕೆನ್ನೆಗೆ ಇಡುತ್ತಿರುವಾಗ ಅವರ ಮುಖವೂ ದೊಡ್ಡದಾಗಿ ಬರುತ್ತದೆ, ಪಕ್ಕದವರು ಗೆಜ್ಜೆ ಕಟ್ಟುವುದೂ ಅದೇ ಶಾಟಿನಲ್ಲಿ ಕಾಣುತ್ತದೆ. ಕಟ್ ಮಾಡಿ ಮಾಡಿ ತೋರಿಸಬೇಕಾಗಿಲ್ಲ. ನನಗೆ ಈ ಲೆನ್ಸು ಇಷ್ಟವಾದದ್ದು ಇದಕ್ಕೇ. ಬೆಳಕು ಬಿದ್ದಾಗ ಅಡ್ಡಕ್ಕೆ ಎಳೆದುಕೊಳ್ಳುವ ನೀಲಿ ಗೆರೆಗೆ ಅಲ್ಲ.

ಮೊದಲು ಇಂಥ ಲೆನ್ಸು ನಮ್ಮಂಥವರ ಕೈಗೆ ಸಿಗುತ್ತಿರಲಿಲ್ಲ. 2020ರಲ್ಲಿ ಸಿರುಯಿ ಕಂಪನಿ 50 ಎಂಎಂ ಎಫ್ 1.8 ಲೆನ್ಸನ್ನು ಸಾವಿರ ಡಾಲರಿಗಿಂತ ಕಡಿಮೆಗೆ ತಂದಿತು. ತೂಕ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಅದು ಎಪಿಎಸ್-ಸಿ ಅನ್ನುವ ಮಧ್ಯಮ ಅಳತೆಯ ಸೆನ್ಸರ್ ಅಥವಾ ಅದಕ್ಕಿಂತ ಚಿಕ್ಕ ಸೆನ್ಸರ್ ಇರುವ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಮಾತ್ರ, ಮದುವೆ ಶೂಟಿಂಗಿನ ಹಳೆಯ ಡಿಎಸ್‌ಎಲ್‌ಆರ್‌ಗೆ ಕೂರುವುದಿಲ್ಲ. ಆಟೋಫೋಕಸ್ ಇಲ್ಲ. 85 ಸೆಂಟಿಮೀಟರಿಗಿಂತ ಹತ್ತಿರದ್ದು ಫೋಕಸ್ ಆಗುವುದೂ ಇಲ್ಲ. ಚುಟ್ಟಿ ಇಡುವ ಬೆರಳಿನ ತುದಿ ಮಾತ್ರ ಬೇಕೆಂದರೆ ಮುಂದೆ ಕ್ಲೋಸ್-ಅಪ್ ಫಿಲ್ಟರ್ ಹಾಕಬೇಕು.

ರಂಗಸ್ಥಳದಲ್ಲಿ ಕಷ್ಟ ಬೇರೆಯೇ. ಬದಿಯಲ್ಲಿ ಭಾಗವತರು, ನಡುವೆ ವೇಷ, ಎಲ್ಲ ಚೆನ್ನಾಗಿ ಕೂರುತ್ತದೆ. ಆದರೆ ತೆಂಕುತಿಟ್ಟಿನ ಪುಂಡುವೇಷ, ಅಂದರೆ ತರುಣ ವೀರನ ಪಾತ್ರ, ದಿಗಿಣ ಹೊಡೆಯಲು (ಗಾಳಿಯಲ್ಲಿ ಹಾರಿ ಸುತ್ತಲು) ಶುರು ಮಾಡಿದರೆ ಎಫ್ 1.8ರಲ್ಲಿ ಫೋಕಸ್ ಹಿಡಿಯುವುದು ಯಾರಿಂದಲೂ ಆಗುವ ಕೆಲಸವಲ್ಲ. ಲೆನ್ಸಿನ ಕಿಂಡಿಯನ್ನು ಎಫ್ 4ಕ್ಕೆ ಕಿರಿದು ಮಾಡಿ, ಬೆಳಕು ಕಡಿಮೆಯಾದದ್ದಕ್ಕೆ ಐಎಸ್‌ಒ ಏರಿಸಿ. ಸ್ವಲ್ಪ ಕಾಳು ಕಾಳಾಗಿ ಕಂಡರೂ ಪರವಾಗಿಲ್ಲ, ವೇಷ ಮಸುಕಾದರೆ ಏನೂ ಉಳಿಯುವುದಿಲ್ಲ. ನೀಲಿ ಗೆರೆಯ ಜಗಳವೂ ಇಲ್ಲೇ. ಹಳದಿ ಬೆಳಕಿನಲ್ಲಿ ಮಿನುಗುವ ಕಿರೀಟದ ಮೇಲೆ ನೀಲಿ ಗೆರೆ ಹಾದುಹೋದರೆ ನನ್ನ ಕಣ್ಣಿಗೆ ಹಿಡಿಸುವುದಿಲ್ಲ. ಲಾವೋವಾ ಕಂಪನಿಯ ನ್ಯಾನೋಮಾರ್ಫ್ ಲೆನ್ಸುಗಳಲ್ಲಿ ಗೆರೆಯ ಬಣ್ಣ ನೀಲಿ, ಅಂಬರ್ (ಜೇನಿನ ಬಣ್ಣ), ಬೆಳ್ಳಿ ಎಂದು ಮೂರು ಬಗೆ ಇವೆ. ದುಡ್ಡಿದ್ದರೆ ಯಕ್ಷಗಾನಕ್ಕೆ ನಾನು ಅಂಬರನ್ನೇ ತೆಗೆದುಕೊಳ್ಳುತ್ತೇನೆ.

ಅಡಿಕೆ ತೋಟದಲ್ಲಿ ಮಾತ್ರ ಜಾಗ್ರತೆ. ಚಿತ್ರದ ಅಂಚಿಗೆ ಬಂದ ಮರಗಳು ಬಿಲ್ಲಿನ ಹಾಗೆ ಬಾಗುತ್ತವೆ, ಅಡಿಕೆ ಮರ ನೆಟ್ಟಗಿರುವುದರಿಂದ ಅದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಕ್ಯಾಮೆರಾ ಪಕ್ಕಕ್ಕೆ ತಿರುಗಿಸಿದರಂತೂ ಒಂದೊಂದೇ ಮರ ಬಳುಕುತ್ತಾ ಹೋಗುತ್ತದೆ. ಅಲ್ಲಿ ಕ್ಯಾಮೆರಾ ಅಲ್ಲಾಡಿಸದೆ ಇಡುವುದು ಒಳ್ಳೆಯದು.

ಹೊಸಬರಿಗೆ 2 ಪಟ್ಟು ಒತ್ತುವ ಲೆನ್ಸು ಬೇಡ ಅನ್ನುತ್ತೇನೆ. 16:9 ಕ್ಯಾಮೆರಾದಲ್ಲಿ ಹಿಡಿದದ್ದನ್ನು ಬಿಡಿಸಿದರೆ ಚಿತ್ರದ ಅಗಲ ಎತ್ತರದ 3.55 ಪಟ್ಟು ಆಗುತ್ತದೆ, ಕೊನೆಗೆ ಎರಡೂ ಬದಿ ಕತ್ತರಿಸಲೇಬೇಕು. 1.33 ಆದರೆ 2.37 ಪಟ್ಟಿಗೆ, ಅಂದರೆ ಸ್ಕೋಪಿನ ಹತ್ತಿರಕ್ಕೆ, ಬಂದು ನಿಲ್ಲುತ್ತದೆ. ಎಡಿಟಿಂಗಿನಲ್ಲಿ ಅಗಲ ಎಳೆಯುವ ಬದಲು ಎತ್ತರವನ್ನು ಶೇಕಡಾ 75ಕ್ಕೆ ಇಳಿಸಿ. 4ಕೆ ಚಿತ್ರ 3840×1620 ಆಗುತ್ತದೆ, ಹಳೆಯ ಕಂಪ್ಯೂಟರಿಗೂ ಭಾರವಾಗುವುದಿಲ್ಲ.

ಒಬ್ಬರೇ ಕೊಳ್ಳುವುದು ಕಷ್ಟವಾದರೆ ಮೂರ್ನಾಲ್ಕು ಜನ ಸೇರಿ ಒಂದು ತೆಗೆದುಕೊಳ್ಳಿ. ಎಲ್ಲರ ಕ್ಯಾಮೆರಾದ ಮೌಂಟ್ (ಲೆನ್ಸು ಕೂರುವ ಜಾಗ) ಒಂದೇನಾ ಅಂತ ಮೊದಲೇ ನೋಡಿಕೊಳ್ಳಿ. ಈ ಕಡೆ ಚೌಕಿಯಲ್ಲೋ ತೋಟದಲ್ಲೋ ಶೂಟ್ ಮಾಡುವವರು ಯಾರಾದರೂ ಇದ್ದರೆ ತಿಳಿಸಿ, ಆಟವಿಲ್ಲದ ದಿನ ನಮ್ಮ ಲೆನ್ಸು ಕೊಡುತ್ತೇವೆ.