ಮೆಜೆಂಟೋ ಅಡ್ಮಿನ್ ಫಾರ್ಮಲ್ಲಿ ಫೀಲ್ಡ್ ಖಾಲಿ ಬಂದ್ರೆ ಮೊದ್ಲು ಎಲ್ಲಿ ನೋಡ್ಬೇಕು

ಆನ್‌ಲೈನ್ ಅಂಗಡಿ ಕಟ್ಟೋ ಸಾಫ್ಟ್‌ವೇರ್ ಮೆಜೆಂಟೋ 2ರಲ್ಲಿ ಅಡ್ಮಿನ್ ಫಾರ್ಮ್ ಬರೆಯೋಕೆ ಶುರು ಮಾಡ್ದೋರೆಲ್ಲ ಒಂದಲ್ಲ ಒಂದಿನ ಈ ಪ್ರಶ್ನೆ ಕೇಳೇ ಕೇಳ್ತಾರೆ. ಫೀಲ್ಡ್ ಕಾಣುತ್ತೆ, ಸೇವ್ ಆಗುತ್ತೆ, ಟೇಬಲ್ ತೆಗೆದು ನೋಡಿದ್ರೆ ವ್ಯಾಲ್ಯೂನೂ ಇದೆ, ಆದ್ರೆ ಎಡಿಟ್ ಒತ್ತಿದ್ರೆ ಬಾಕ್ಸ್ ಖಾಲಿ. ಹೊಸಬ್ರು ಪಾಪ ಪಿಎಚ್‌ಪಿ ಮಾಡೆಲ್ ಒಳಗೆ ಗಂಟೆಗಟ್ಲೆ ಹುಡುಕ್ತಾ ಕೂತಿರ್ತಾರೆ, ಎಷ್ಟೋ ಸಲ ತಪ್ಪು ಇರೋದು ಫಾರ್ಮಿನ ರಚನೆ ಬರೆದಿರೋ ಯುಐ ಕಾಂಪೊನೆಂಟ್ ಎಕ್ಸ್‌ಎಮ್‌ಎಲ್ಲಿನ ಒಂದೇ ಒಂದು ಸಾಲಲ್ಲಿ.

ಆ ಸಾಲು ಡೇಟಾಸ್ಕೋಪ್, ಅಂದ್ರೆ ಫೀಲ್ಡಿನ ವ್ಯಾಲ್ಯೂ ಎಲ್ಲಿದೆ ಅಂತ ಹೇಳೋದು. ಇದನ್ನ ಮನೆ ವಿಳಾಸ ಅಂದ್ಕೊಳ್ಳಿ. ಫಾರ್ಮಿಗೆ 'ಡೇಟಾ' ಅಂತ ಸ್ಕೋಪ್ ಇರುತ್ತೆ, ಫೀಲ್ಡ್‌ಸೆಟ್ಟಿಗೆ (ಫೀಲ್ಡುಗಳ ಗುಂಪಿಗೆ) 'ಜನರಲ್' ಅಂತ ಕೊಟ್ರಿ, ಫೀಲ್ಡಿಗೆ 'ಟೈಟಲ್' ಅಂತ ಕೊಟ್ರಿ, ಬ್ರೌಸರಲ್ಲಿ ಜಾವಾಸ್ಕ್ರಿಪ್ಟ್ ಮೂರನ್ನೂ ಚುಕ್ಕಿ ಹಾಕಿ ಜೋಡಿಸಿ 'ಡೇಟಾ.ಜನರಲ್.ಟೈಟಲ್' ಮಾಡುತ್ತೆ. ನಾಕ್‌ಔಟ್ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿ ಮೇಲೆ ಕಟ್ಟಿರೋ ಆ ಫೀಲ್ಡು ತನ್ನ ವ್ಯಾಲ್ಯೂನ, ಫಾರ್ಮಿನ ಡೇಟಾ ಇಟ್ಕೊಂಡಿರೋ ಪ್ರೊವೈಡರ್ ಒಳಗಿನ ಇದೇ ಜಾಗಕ್ಕೆ ಲಿಂಕ್ ಮಾಡ್ಕೊಳ್ಳುತ್ತೆ, ಎರಡೂ ಕಡೆಯಿಂದ, ಅಂದ್ರೆ ನೀವು ಟೈಪ್ ಮಾಡಿದ್ದು ಅಲ್ಲಿಗೆ ಹೋಗುತ್ತೆ, ಅಲ್ಲಿರೋದು ಇಲ್ಲಿ ಕಾಣುತ್ತೆ. ಫೀಲ್ಡ್‌ಸೆಟ್ಟಿಗೆ ಸ್ಕೋಪ್ ಕೊಡ್ಲೇ ಇಲ್ಲ ಅಂದ್ರೆ ವಿಳಾಸ ಬರೀ 'ಡೇಟಾ.ಟೈಟಲ್'.

ಈಗ ಸರ್ವರ್ ಕಡೆ ಬನ್ನಿ, ನಿಜವಾದ ಗೊಂದಲ ಇರೋದೇ ಇಲ್ಲಿ. ಫಾರ್ಮ್ ಕ್ಲಾಸು ಟೇಬಲಿಂದ ಡೇಟಾ ತರೋ ಪಿಎಚ್‌ಪಿ ಕ್ಲಾಸಾದ ಡೇಟಾ ಪ್ರೊವೈಡರಿನ ಗೆಟ್‌ಡೇಟಾ ಕರೆದು, ಬಂದ ಅರೇ ಒಳಗೆ ನಮ್ಮ ರೆಕಾರ್ಡಿನ ಐಡಿ ಕೀ ಆಗಿ ಇದ್ಯಾ ಅಂತ ನೋಡುತ್ತೆ, ಇದ್ರೆ ಹಾಗೇ ತಗೊಳ್ಳುತ್ತೆ. ಇಲ್ದಿದ್ರೆ 'ಐಟಮ್ಸ್' ಅನ್ನೋ ಲಿಸ್ಟ್ ಹುಡುಕಿ, ಸಿಕ್ಕ ಸಾಲನ್ನ ತಾನೇ 'ಜನರಲ್' ಅನ್ನೋ ಕೀ ಕೆಳಗೆ ಇಟ್ಬಿಡುತ್ತೆ! ಹಾಗಾಗಿ ಗ್ರಿಡ್ಡಿಗೆ (ರೆಕಾರ್ಡುಗಳ ಪಟ್ಟಿ ತೋರಿಸೋ ಪುಟಕ್ಕೆ) ಬರೆದ, 'ಐಟಮ್ಸ್' ಕೊಡೋ ಪ್ರೊವೈಡರನ್ನೇ ಫಾರ್ಮಿಗೂ ಹಾಕಿದ್ರೆ ಡೇಟಾ 'ಜನರಲ್' ಒಳಗಿರುತ್ತೆ, ಫೀಲ್ಡ್‌ಸೆಟ್ಟಿಗೆ ಸ್ಕೋಪ್ ಕೊಟ್ಟಿಲ್ದಿದ್ರೆ ಫೀಲ್ಡು ಮಾತ್ರ 'ಡೇಟಾ.ಟೈಟಲ್' ಕಡೆ ಕಾಯ್ತಾ ಕೂತಿರುತ್ತೆ. ಸೇವ್ ಮಾಡೋವಾಗ ಟೈಟಲ್ ನೇರವಾಗಿ ಪೋಸ್ಟ್ ಆಗೋದ್ರಿಂದ ಅದನ್ನ ತಗೊಂಡು ಸೇವ್ ಮಾಡೋ ಕಂಟ್ರೋಲರಿಗೆ ಯಾವ ತೊಂದ್ರೆನೂ ಇಲ್ಲ, ಅದಕ್ಕೇ ಸೇವ್ ಆಗಿ ಖಾಲಿ ಕಾಣೋದು. ನನ್ನ ಕೇಳಿದ್ರೆ ಚಿಕ್ಕ ಮಾಡ್ಯೂಲ್ ಆದ್ರೂ ಫಾರ್ಮಿಗೆ ಬೇರೆ ಪ್ರೊವೈಡರ್ ಬರೀರಿ, ಅಬ್‌ಸ್ಟ್ರಾಕ್ಟ್‌ಡೇಟಾಪ್ರೊವೈಡರ್ ಎಕ್ಸ್‌ಟೆಂಡ್ ಮಾಡಿ ಐಡಿ ಕೀ ಇಟ್ಟು ಅರೇ ಕೊಡಿ, ಮೆಜೆಂಟೋದವ್ರದ್ದೇ ಸಿಎಮ್‌ಎಸ್ ಪೇಜ್ ಫಾರ್ಮ್ ಹೀಗೇ ಇದೆ, ಅದನ್ನ ಒಂದ್ಸಲ ಕೂತು ಓದಿದ್ರೆ ಹತ್ತು ಟ್ಯುಟೋರಿಯಲ್‌ಗಿಂತ ಜಾಸ್ತಿ ಸಿಗುತ್ತೆ.

ಅನುಮಾನ ಬಂದ್ರೆ ಊಹೆ ಮಾಡ್ಬೇಡಿ, ಬ್ರೌಸರ್ ಕನ್ಸೋಲಲ್ಲಿ, ಪೇಜಿನ ಕಾಂಪೊನೆಂಟುಗಳೆಲ್ಲ ಸಿಗೋ ಯುಐ ರಿಜಿಸ್ಟ್ರಿಯಿಂದ ಆ ಫಾರ್ಮಿನ ಡೇಟಾ ಸೋರ್ಸ್ ತೆಗೆದು ಅದರ ಡೇಟಾ ನೋಡಿ, ಹಾಗೇ ಫೀಲ್ಡಿನ ಡೇಟಾಸ್ಕೋಪ್ ಪ್ರಿಂಟ್ ಮಾಡಿ, ಎರಡನ್ನೂ ಪಕ್ಕಪಕ್ಕ ಇಟ್ರೆ ಎಲ್ಲಿ ತಪ್ಪಿದೆ ಅಂತ ತಕ್ಷಣ ಕಾಣುತ್ತೆ. ಎಕ್ಸ್‌ಎಮ್‌ಎಲ್ ತಿದ್ದಿದ್ಮೇಲೆ ಕಾನ್ಫಿಗ್ ಕ್ಯಾಶ್ ಕ್ಲೀನ್ ಮಾಡಿ, ಇಲ್ದಿದ್ರೆ ಹಳೇದೇ ಓಡ್ತಿರುತ್ತೆ.

ವಿಳಾಸ ಸರಿ ಇದ್ರೂ ಕೆಲವು ಫೀಲ್ಡಿಗೆ ವ್ಯಾಲ್ಯೂನ ರೂಪ ಮುಖ್ಯ. ಮಲ್ಟಿಸೆಲೆಕ್ಟ್ ವ್ಯಾಲ್ಯೂನ ಟೇಬಲಲ್ಲಿ ಕಾಮಾ ಹಾಕಿ ಒಂದೇ ಸ್ಟ್ರಿಂಗಾಗಿ ಇಟ್ಟಿದ್ರೆ ಗೆಟ್‌ಡೇಟಾದಲ್ಲೇ ಅರೇ ಮಾಡಿ ಕೊಡಿ, ಸೇವಲ್ಲಿ ಮತ್ತೆ ಸ್ಟ್ರಿಂಗ್ ಮಾಡ್ಕೊಳ್ಳಿ. ಇಮೇಜ್ ಅಪ್‌ಲೋಡರಿಗೆ ಬರೀ ಫೈಲ್ ಹೆಸರು ಸಾಲಲ್ಲ, ಹೆಸರು, ಯುಆರ್‌ಎಲ್, ಸೈಜ್ ಎಲ್ಲ ಇರೋ ಅರೇನೇ ಬೇಕು.

ಇನ್ನೊಂದು, ಇದನ್ನ ತುಂಬಾ ಜನ ಬಿಟ್ಬಿಡ್ತಾರೆ. ಸೇವ್ ಫೇಲ್ ಆದಾಗ ಪೋಸ್ಟ್ ಆದ ಡೇಟಾನ ಕಂಟ್ರೋಲರಲ್ಲಿ, ತಾತ್ಕಾಲಿಕವಾಗಿ ಡೇಟಾ ಇಟ್ಕೊಳ್ಳೋ ಡೇಟಾ ಪರ್ಸಿಸ್ಟರಿಗೆ ಹಾಕಿ, ಗೆಟ್‌ಡೇಟಾದಲ್ಲಿ ಅದನ್ನ ವಾಪಸ್ ತಗೊಂಡು ಕ್ಲಿಯರ್ ಮಾಡಿ. ಇಲ್ದಿದ್ರೆ ಅಂಗಡಿ ನಡೆಸೋರು ಅರ್ಧ ಗಂಟೆ ಕೂತು ತುಂಬಿದ ಫಾರ್ಮು ಒಂದು ಎರರ್ ಮೆಸೇಜಿಗೆ ಪೂರ್ತಿ ಅಳಿಸಿಹೋಗುತ್ತೆ, ಮತ್ತೆ ಮೊದಲಿಂದ ಟೈಪ್ ಮಾಡೋ ಕಷ್ಟ ಅವರದ್ದು.