ಮಾವ ಮತ್ತು ಟೀ ಸೊಪ್ಪು

ಜುಲೈ 18, 2024, ಗುರುವಾರ

ಮಾವನಿಗೆ ಟೀ ವಾಸನೆ ಗೊತ್ತಾಗುತ್ತಿಲ್ಲ. ಸಂಜೆ ಕಪ್ ಕೈಗೆ ಕೊಟ್ಟಾಗ ತಿಳಿಯಿತು. ಬೆಳಗ್ಗಿನಿಂದ ಆಫೀಸಿನಲ್ಲಿ ಏನು ಮಾಡಿದೆ ಅಂತ ಈಗ ನೆನಪೇ ಆಗುತ್ತಿಲ್ಲ.

ಮಾವ ಬಂದರೆ ನಮ್ಮನೆಯಲ್ಲಿ ಹಾಲು ಹಾಕಿ ಕುದಿಸುವ ಟೀ ಬಂದ್. ಕೂನೂರಿನ ಟೀ ಫ್ಯಾಕ್ಟರಿಯಲ್ಲೇ ಆಯುಷ್ಯ ಕಳೆದವರು. ಎಲೆ ಟೀ ಒಲೆ ಮೇಲೆ ಕೊತಕೊತ ಕುದಿಯುವುದನ್ನು ನೋಡಿದರೆ ಅವರಿಗೆ ಸಂಕಟ. ಅದಕ್ಕೇ ಅವರು ಕಲಿಸಿದ ಹಾಗೆ ಮಾಡಿದೆ. ನೀರು ಚೆನ್ನಾಗಿ ಕುದಿ ಬಂದ ಮೇಲೆ ಒಲೆ ಆರಿಸಿ, ಬಿಸಿನೀರಲ್ಲಿ ಗಲಬರಿಸಿದ ಪಿಂಗಾಣಿ ಪಾಟಿಗೆ ಸೊಪ್ಪು ಹಾಕಿ, ನೀರು ಹೊಯ್ದು, ಮುಚ್ಚಳ. 200 ಮಿಲಿ ನೀರಿಗೆ 2 ಗ್ರಾಂ ಸೊಪ್ಪು. 3 ನಿಮಿಷಕ್ಕೆ ಸೋಸಲೇಬೇಕು, ಬಿಟ್ಟರೆ ಒಗರು ಇಳಿಯುತ್ತದೆ. ದಿನಾ ಮಾಡುವ ಸಿಟಿಸಿ ಬೇರೆ. ಅದರಲ್ಲಿ ಎಲೆಯನ್ನು ಹಲ್ಲಿರುವ ರೋಲರುಗಳ ಮಧ್ಯೆ ಜಜ್ಜಿ, ಹರಿದು, ಕಾಳು ಮಾಡುತ್ತಾರೆ. ಬಣ್ಣ ಬೇಗ ಬಿಡುತ್ತದೆ, ಹಾಲು ಸಕ್ಕರೆಗೆ ಅದೇ ಸರಿ. ಇದು ಸುರುಳಿ ಸುತ್ತಿದ ಎಲೆ. ಬಿಚ್ಚಿಕೊಳ್ಳೋಕೆ ಜಾಗ ಬೇಕು, ಹೊತ್ತು ಬೇಕು.

ಸೋಸುವಾಗ ಅಡುಗೆಮನೆ ತುಂಬ ಘಮ. ಮಾವ ಕಪ್ಪನ್ನು ಮೂಗಿನ ಹತ್ತಿರ ಹಿಡಿದು ಹಾಗೇ ಕೂತುಬಿಟ್ಟರು.

“ಹೇಗಿದೆ ಮಾವ?”

“ಬಿಸಿ ಇದೆ ಕಣಮ್ಮ.”

“ಘಮ?”

“ಆ ಜ್ವರ ಬಂದು ಹೋದಾಗಿಂದ ಏನೂ ಗೊತ್ತಾಗ್ತಿಲ್ಲ. ನಿಮ್ಮತ್ತೆಗೆ ಹೇಳ್ಬೇಡ.”

ನನಗೆ ಮಾತೇ ಹೊರಡಲಿಲ್ಲ. ಫ್ಯಾಕ್ಟರಿಯಲ್ಲಿ ಬಾಡಿಸಿ, ರೋಲರಿನಿಂದ ಇಳಿಸಿದ ಸೊಪ್ಪನ್ನು ಹರಡಿ ಇಡುತ್ತಾರೆ. ಗಾಳಿ ತಾಕಿ ತಾಕಿ ಹಸಿರು ಹೋಗಿ ತಾಮ್ರದ ಬಣ್ಣ ಬರುತ್ತದೆ. ಹಸಿ ಸೊಪ್ಪಿನ ವಾಸನೆ ಕಳೆದು ಹಣ್ಣಿನಂಥ ವಾಸನೆ ಏಳುವ ಹೊತ್ತಿಗೆ ಡ್ರೈಯರಿಗೆ ಹೋಗಬೇಕು. ಮುಂಚೆ ಹೋದರೆ ಟೀ ಹಸಿ ಹಸಿ, ತಡವಾದರೆ ಸಪ್ಪೆ. ಇಷ್ಟೇ ಹೊತ್ತು ಅಂತ ಲೆಕ್ಕ ಇಲ್ಲ. ಮಳೆಯ ದಿನ ಒಂದು ಥರ, ಬಿಸಿಲಿನ ದಿನ ಇನ್ನೊಂದು ಥರ. ರಾತ್ರಿ ಪಾಳಿಯವರು ಮಾವನನ್ನೇ ಎಬ್ಬಿಸುತ್ತಿದ್ದರಂತೆ, ಒಂದ್ಸಲ ಮೂಸಿ ಹೇಳಿ ಸಾರ್ ಅಂತ. ಅಂಥವರಿಗೆ ಹೀಗಾಗಬೇಕಾ?

“ಚರಟ ತಾ” ಅಂದರು. ಬಿಳಿ ತಟ್ಟೆಗೆ ಸುರಿದುಕೊಂಡು, ಕಿಟಕಿ ಪಕ್ಕ ಹೋಗಿ, ಒಂದೊಂದೇ ಎಲೆಯನ್ನು ಬೆರಳ ತುದಿಯಲ್ಲಿ ಬಿಡಿಸಿದರು. ಎರಡು ಎಲೆ, ತುದಿಯಲ್ಲೊಂದು ಕುಡಿ. ಎಲೆ ಅಂಚಿನ ಸಣ್ಣ ಹಲ್ಲುಗಳು ಸಹ ಹಾಗೇ ಇದ್ದವು.

“ನೋಡು, ತಾಮ್ರ ತೊಳೆದಿಟ್ಟಂಗಿದೆ. ಇಲ್ಲೊಂದು ಹಸಿರು ಉಳಿದಿದೆ, ಇದಕ್ಕೆ ರೋಲರ್ ಸರಿಯಾಗಿ ತಾಕಿಲ್ಲ. ಪರವಾಗಿಲ್ಲ, ಒಳ್ಳೆ ಸೊಪ್ಪೇ. ಎಷ್ಟು ಕೊಟ್ಟೆ?”

ರೇಟು ಕೇಳಿ ಬೈದರು. ಬೈಸಿಕೊಂಡು ಖುಷಿಯಾಯಿತು, ಅಷ್ಟರಲ್ಲಿ ಕರೆಂಟ್ ಹೋಯಿತು. ನಾಳೆ ಪುಟ್ಟನ ಸ್ಕೂಲ್ ಫೀಸು ಬೇರೆ ಕಟ್ಟಬೇಕು.

ಮಲಗುವ ಮುಂಚೆ ಓದುತ್ತಾ ಕೂತೆ. ಜ್ವರದ ನಂತರ ಹೋದ ವಾಸನೆ ಎಷ್ಟೋ ಜನರಿಗೆ ನಿಧಾನಕ್ಕೆ ವಾಪಸ್ ಬರುತ್ತದಂತೆ. ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ, ಇವನ್ನು ಬೆಳಗ್ಗೆ ಸಂಜೆ ಒಂದೊಂದಾಗಿ ಮೂಸಬೇಕು, ಅದೂ ತಿಂಗಳುಗಟ್ಟಲೆ. ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಬೇಕು. ಮಾವ ಶನಿವಾರ ಊರಿಗೆ ಹೊರಡುತ್ತಾರೆ. ಇಲ್ಲೇ ಉಳಿಸಿಕೊಳ್ಳಬೇಕು ಅಂದರೆ ಅತ್ತೆಗೆ ಒಂದು ಕಾರಣ ಹೇಳಬೇಕು. ಮಳೆ ಜಾಸ್ತಿ, ರಸ್ತೆ ಸರಿಯಿಲ್ಲ ಅಂದರೆ ನಂಬುತ್ತಾರಾ? ಅತ್ತೆಯ ವಿಷಯ ಗೊತ್ತಲ್ಲ, ಫೋನಲ್ಲಿ ದನಿ ಕೇಳಿದ ತಕ್ಷಣ ಏನಾಯ್ತು ಅಂತಾರೆ, ಆಮೇಲೆ ನಾನು